ಕೋಣೆ ಕೃಷಿ: ಗಾಳಿ ಮೊದಲು, ದೀಪ ಆಮೇಲೆ

ಮನೆಯೊಳಗೆ ಬೆಳೆ ತೆಗೆಯುವ ಕುರಿತ ಓದುಗರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿರುವವರು ಮೈಸೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಬಹುಕಾಲ ಗಾಳಿ ನಾಳ ಮತ್ತು ತಂಪು ಯಂತ್ರಗಳ ಕೆಲಸ ಮಾಡಿ, ಈಗ ಹೆಬ್ಬಾಳದ ತಮ್ಮ ಮನೆಯಲ್ಲಿ ಸೊಪ್ಪು, ಅಣಬೆ ಬೆಳೆಯುತ್ತಿರುವ ನಮ್ಮ ಅಂಕಣಕಾರರು.

ಪ್ರಶ್ನೆ: ಮೊದಲ ಮಹಡಿಯ ಹತ್ತಡಿ ಚೌಕದ ಕೋಣೆಯಲ್ಲಿ ಮಣ್ಣಿಲ್ಲದೆ, ನೀರಿನ ಪೈಪುಗಳಲ್ಲಿ ಲೆಟ್ಯೂಸ್ ಎಂಬ ಸಲಾಡ್ ಸೊಪ್ಪು ಬೆಳೆಯುತ್ತಿದ್ದೇನೆ. ನಾಲ್ಕು ಅಂತಸ್ತಿನ ಸ್ಟ್ಯಾಂಡಿಗೆ ಒಟ್ಟು 400 ವ್ಯಾಟಿನ ಎಲ್‌ಇಡಿ ದೀಪಗಳಿವೆ. ಹೊರಗಿನ ಎಲೆಗಳು ಚೆನ್ನಾಗಿ ಬರುತ್ತವೆ. ಒಳಗಿನ ಎಳೆಯ ಎಲೆಗಳ ಅಂಚು ಮಾತ್ರ ಕಂದಾಗಿ, ಸುಟ್ಟಂತೆ ಕಾಣುತ್ತದೆ. ದೀಪ ಮಾರಿದವರು ಇನ್ನೆರಡು ದೀಪ ಹಾಕಿ, ನೀರಿಗೆ ಕ್ಯಾಲ್ಸಿಯಂ ಹೆಚ್ಚಿಸಿ ಎನ್ನುತ್ತಾರೆ. ಏನು ಮಾಡಲಿ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ತಾಯಿ, ದೀಪ ಕೊಳ್ಳಬೇಡಿ. ಆ ದುಡ್ಡಿನಲ್ಲಿ ಎರಡು ಫ್ಯಾನ್ ಕೊಳ್ಳಿ.

ನೀವು ಹೇಳುತ್ತಿರುವುದು ಲೆಟ್ಯೂಸ್ ಬೆಳೆಯುವವರಿಗೆಲ್ಲ ಗೊತ್ತಿರುವ ಅಂಚು ಸುಡುವ ತೊಂದರೆ. ಎಳೆ ಎಲೆಗೆ ಕ್ಯಾಲ್ಸಿಯಂ ಸಿಗದಿದ್ದಾಗ ಹೀಗಾಗುತ್ತದೆ ಎಂಬುದು ನಿಜ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ, ಎಲೆಗೆ ತಲುಪಿರುವುದಿಲ್ಲ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಮೇಲೇರುತ್ತದೆ. ಎಲೆಯಿಂದ ನೀರು ಆವಿಯಾಗಿ ಹೋದರೆ ಮಾತ್ರ ಬೇರಿನಿಂದ ಹೊಸ ನೀರು ಏರುತ್ತದೆ. ಹೊರ ಎಲೆಗಳಿಗೆ ಗಾಳಿ ತಾಗುತ್ತದೆ, ಅವು ಬೆವರುತ್ತವೆ, ಅವುಗಳ ಪಾಲು ಅವುಗಳಿಗೆ ಸಿಗುತ್ತದೆ. ಒಳಗಿನ ಎಳೆ ಎಲೆಗಳು ಮುಚ್ಚಿಕೊಂಡಿರುವ ಜಾಗದಲ್ಲಿ ತೇವದ ಗಾಳಿ ಅಲುಗಾಡದೆ ನಿಂತಿರುತ್ತದೆ. ಅಲ್ಲಿ ಆವಿ ಹೊರಡುವುದೇ ಇಲ್ಲ. ಇನ್ನೆರಡು ದೀಪ ಹಾಕಿದರೆ ಗಿಡ ಇನ್ನೂ ಬೇಗ ಬೆಳೆಯಲು ನೋಡುತ್ತದೆ, ಎಳೆ ಎಲೆಗಳ ಬೇಡಿಕೆ ಏರುತ್ತದೆ, ಸುಡುವುದೂ ಹೆಚ್ಚುತ್ತದೆ.

ಮೊದಲ ಫ್ಯಾನ್ ಕೋಣೆಯೊಳಗೆ ಗಾಳಿ ಓಡಾಡಿಸಲು. ಪ್ರತಿ ಅಂತಸ್ತಿನ ಗಿಡಗಳ ನೆತ್ತಿಯ ಮೇಲೆ ಗಾಳಿ ಹಾದುಹೋಗಬೇಕು. ರಭಸ ಬೇಡ. ಎಲೆಗಳು ನಿಧಾನವಾಗಿ ನಡುಗುತ್ತಿದ್ದರೆ ಸಾಕು, ಒಂದೇ ಕಡೆಗೆ ಬಾಗಿ ನಿಂತರೆ ಹೆಚ್ಚಾಯಿತು. ಗೋಡೆಗೆ ಹಾಕುವ ತಿರುಗುವ ಫ್ಯಾನ್ ಒಂದನ್ನು ಸ್ಟ್ಯಾಂಡಿನ ಅಗಲಕ್ಕೆ ಎದುರಾಗಿ ಹಾಕಿ. ಊದಿನಕಡ್ಡಿ ಹಚ್ಚಿ ಗಿಡಗಳ ನಡುವೆ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇರಿದರೆ ಅಲ್ಲಿ ಗಾಳಿ ಸತ್ತಿದೆ ಎಂದರ್ಥ. ಕಾರ್ಖಾನೆಗಳಲ್ಲಿ ನಾಳ ಹಾಕಿದ ಮೇಲೆ ನಾವು ಗಾಳಿಯ ದಾರಿ ನೋಡುತ್ತಿದ್ದುದೂ ಹೊಗೆಯಿಂದಲೇ.

ಎರಡನೆಯದು ಹೊರಹಾಕುವ ಎಗ್ಸಾಸ್ಟ್ ಫ್ಯಾನ್. ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ಅಂಗಡಿಗಳಲ್ಲಿ ಹೇಳುವುದನ್ನು ನಂಬಬೇಡಿ. ಮುಚ್ಚಿದ ಕೋಣೆಯಲ್ಲಿ 400 ವ್ಯಾಟಿನ ದೀಪ ಉರಿದರೆ ಹೆಚ್ಚುಕಡಿಮೆ ಆ 400 ವ್ಯಾಟೂ ಕೊನೆಗೆ ಶಾಖವಾಗಿ ಆ ಕೋಣೆಯಲ್ಲೇ ಉಳಿಯುತ್ತದೆ. ಇದಕ್ಕೊಂದು ಸುಲಭ ಲೆಕ್ಕವಿದೆ. ದೀಪಗಳ ಒಟ್ಟು ವ್ಯಾಟನ್ನು 3ರಿಂದ ಗುಣಿಸಿ, ಫ್ಯಾನ್ ಗಂಟೆಗೆ ಎಷ್ಟು ಘನಮೀಟರ್ ಗಾಳಿ ಹೊರಹಾಕುತ್ತದೋ ಅದರಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ಡಿಗ್ರಿ ಸೆಲ್ಸಿಯಸ್ ನಿಮ್ಮ ಕೋಣೆ ಹೊರಗಿಗಿಂತ ಬಿಸಿಯಾಗಿರುತ್ತದೆ. ಆರು ಅಂಗುಲದ ಫ್ಯಾನಿನ ಡಬ್ಬದ ಮೇಲೆ 250 ಘನಮೀಟರ್ ಎಂದಿದ್ದರೂ, ಜಾಲರಿ ಮತ್ತು ಪೈಪಿನ ತಡೆ ಕಳೆದು 150 ಎಂದೇ ಹಿಡಿಯಿರಿ. ಆಗ 400ನ್ನು 3ರಿಂದ ಗುಣಿಸಿ 150ರಿಂದ ಭಾಗಿಸಿದರೆ 8 ಡಿಗ್ರಿ. ಗಿಡಗಳು ನೀರನ್ನು ಆವಿ ಮಾಡುವುದರಿಂದ ಇದರಲ್ಲಿ ಸ್ವಲ್ಪ ಇಳಿಯುತ್ತದೆ, ಆದರೆ ಆ ಆವಿಯನ್ನೂ ಅದೇ ಫ್ಯಾನ್ ಹೊರಹಾಕಬೇಕು.

ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲಿ 34 ಡಿಗ್ರಿ ಇದ್ದಾಗ ಇದಕ್ಕೆ ಇನ್ನಷ್ಟು ಡಿಗ್ರಿ ಸೇರಿದರೆ ಲೆಟ್ಯೂಸ್ ಬದುಕುವುದಿಲ್ಲ. 18ರಿಂದ 24 ಡಿಗ್ರಿ ಅದಕ್ಕೆ ಹಿತ. 30ರ ಹತ್ತಿರ ಹೋದರೆ ದಂಟೆದ್ದು ಹೂವಿಗೆ ಹೋಗುತ್ತದೆ, ಎಲೆ ಕಹಿಯಾಗುತ್ತದೆ. ಆದ್ದರಿಂದ ನಿಮ್ಮ ಹಗಲನ್ನು ರಾತ್ರಿಗೆ ತಿರುಗಿಸಿ. ದೀಪವನ್ನು ರಾತ್ರಿ 8ಕ್ಕೆ ಹಚ್ಚಿ ಬೆಳಗ್ಗೆ 10ಕ್ಕೆ ಆರಿಸಿ. ಗಿಡಕ್ಕೆ ಗಡಿಯಾರದ ಹಂಗಿಲ್ಲ, ಬೆಳಕು ಬಂದಾಗಲೇ ಅದಕ್ಕೆ ಹಗಲು. ಮೈಸೂರಿನ ರಾತ್ರಿ ಬೇಸಿಗೆಯಲ್ಲೂ ತಂಪಾಗುತ್ತದೆ. ಈ ಊರಿನಲ್ಲಿ ಇರುವವರಿಗೆ ಅದು ಬಿಟ್ಟಿಯಾಗಿ ಸಿಗುವ ಏರ್ ಕಂಡೀಷನರ್. ಸಂಜೆ 6ಕ್ಕೇ ಏಕೆ ಬೇಡವೆಂದರೆ, ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ಕತ್ತಲಾದ ಮೇಲೂ ಒಳಗೆ ಶಾಖ ಬಿಡುತ್ತಿರುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿಸಿದರೆ ಅದೂ ತಗ್ಗುತ್ತದೆ.

ಎಗ್ಸಾಸ್ಟ್ ಫ್ಯಾನ್ ಎತ್ತರದಲ್ಲಿರಲಿ, ಗಾಳಿ ಒಳಬರುವ ಕಿಂಡಿ ಎದುರು ಗೋಡೆಯ ತಳದಲ್ಲಿರಲಿ. ಜಾಲರಿ ಹಾಕಿದ ಕಿಂಡಿ ಫ್ಯಾನಿನ ಬಾಯಿಗಿಂತ ಎರಡು ಪಟ್ಟು ದೊಡ್ಡದಿರಬೇಕು. ಕಿಂಡಿಯೇ ಇಲ್ಲದೆ ಫ್ಯಾನ್ ಮಾತ್ರ ಹಾಕಿದ ಕೋಣೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರೆಕ್ಕೆ ತಿರುಗುತ್ತಿರುತ್ತದೆ, ಗಾಳಿ ಹೋಗುತ್ತಿರುವುದಿಲ್ಲ.

ಇನ್ನು ನಿಮ್ಮ ದೀಪ ಸಾಲುತ್ತದೆಯೇ ಎಂಬುದನ್ನು ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುವ ಮೊಬೈಲ್ ಆ್ಯಪ್‌ನಿಂದ ಅಂದಾಜು ಮಾಡಬಹುದು. ಬಿಳಿ ಎಲ್‌ಇಡಿಯಾದರೆ ಎಲೆಯ ಎತ್ತರದಲ್ಲಿ 14ರಿಂದ 16 ಸಾವಿರ ಲಕ್ಸ್ ಸಿಕ್ಕರೆ ಲೆಟ್ಯೂಸ್‌ಗೆ ಸಾಕು. ಹೊರಗಿನ ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್ ಇರುತ್ತದೆ. ಅಷ್ಟನ್ನು ಕೋಣೆಯೊಳಗೆ ತರಲು ಹೋಗಬೇಡಿ.

ಪ್ರಶ್ನೆ: ಮೂಲಂಗಿ, ಸಾಸಿವೆ, ಮೆಂತ್ಯದ ಮೈಕ್ರೋಗ್ರೀನ್ಸ್ (ಎಳೆಯದಾಗಿಯೇ ಕೊಯ್ಯುವ ಮೊಳಕೆ ಸೊಪ್ಪು) ಬೆಳೆಯುತ್ತೇನೆ. ಮೂಲಂಗಿ ತಟ್ಟೆಯಲ್ಲಿ ಮೂರನೇ ದಿನಕ್ಕೆ ಬೆಳ್ಳಗೆ ಬೂಸ್ಟು ಬರುತ್ತದೆ. ಎಸೆಯಬೇಕೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಎಸೆಯುವ ಮೊದಲು ನೀರು ಚಿಮುಕಿಸಿ ನೋಡಿ. ಮೂಲಂಗಿ ಮೊಳಕೆಯ ಬೇರಿನ ಸುತ್ತ ಬಿಳಿ ನವಿರಾದ ಬೇರುಗೂದಲು ಬರುತ್ತದೆ. ನೀರು ಬಿದ್ದೊಡನೆ ಅದು ಬೇರಿಗೆ ಅಂಟಿಕೊಂಡು ಕಾಣದಂತಾಗುತ್ತದೆ. ಅದು ಗಿಡದ ಆರೋಗ್ಯ. ಬೂಸ್ಟಾದರೆ ಜೇಡರ ಬಲೆಯಂತೆ ಒಂದು ಕಾಳಿನಿಂದ ಇನ್ನೊಂದು ಕಾಳಿಗೆ ಹರಡಿರುತ್ತದೆ, ನೀರು ಬಿದ್ದರೂ ಹೋಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಬೂಸ್ಟು ಬಂದ ತಟ್ಟೆಯನ್ನು ಮುಲಾಜಿಲ್ಲದೆ ಎಸೆಯಿರಿ, ಅದನ್ನು ಹಸಿಯಾಗಿ ತಿನ್ನುವವರು ಇರುತ್ತಾರೆ.

ಬೂಸ್ಟಿಗೆ ಕಾರಣ ಸಾಮಾನ್ಯವಾಗಿ ಒತ್ತಾಗಿ ಬಿತ್ತಿದ ಬೀಜ ಮತ್ತು ನಿಂತ ಗಾಳಿ. ಮುಚ್ಚಳ ತೆಗೆದ ದಿನದಿಂದಲೇ ಚಿಕ್ಕ ಫ್ಯಾನ್ ಓಡಲಿ, ನೀರನ್ನು ಮೇಲಿನಿಂದ ಹಾಕದೆ ತಳದ ತಟ್ಟೆಗೆ ಹಾಕಿ. ನಾಲ್ಕಡಿ ಉದ್ದ, ಎರಡಡಿ ಅಗಲದ ಅಂತಸ್ತಿಗೆ 20 ವ್ಯಾಟಿನ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್ ನಾಲ್ಕು ಹಾಕಿದರೆ ಈ ಬೆಳೆಗೆ ಬೆಳಕು ಸಾಕು.

ಪ್ರಶ್ನೆ: ನಮ್ಮದು ರೇಷ್ಮೆ ಮನೆತನ. ಹುಳು ಸಾಕುವ ಮನೆ 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರವಿದೆ. ಮೇಲೆ ಕೆಳಗೆ ಕಿಂಡಿಗಳಿವೆ, ಕಿಟಕಿಗಳಿಗೆ ಹುಳುವನ್ನು ಕೊಲ್ಲುವ ಊಜಿ ನೊಣ ತಡೆಯುವ ಜಾಲರಿ ಇದೆ. ಈಗ ವರ್ಷದಲ್ಲಿ ಅರ್ಧ ಕಾಲ ಖಾಲಿ ಬಿದ್ದಿರುತ್ತದೆ. ಎರಡು ಬೆಳೆಗಳ ನಡುವೆ ಅದರಲ್ಲೇ ಅಣಬೆ ಬೆಳೆಯಬಹುದೇ? ಗಾಳಿ, ಬೆಳಕು ಹೇಗಿರಬೇಕು?
– ರೈತರು, ಮಳವಳ್ಳಿ ತಾಲ್ಲೂಕು

ಉತ್ತರ: ಸ್ವಾಮಿ, ಮನೆ ಅಣಬೆಗೆ ಹೇಳಿ ಮಾಡಿಸಿದಂತಿದೆ. ಆದರೆ ಒಂದು ಹುಳದ ಬೆಳೆ, ಒಂದು ಅಣಬೆ ಬೆಳೆ ಎಂದು ಸರದಿ ಹಾಕಲು ನಾನು ಒಪ್ಪುವುದಿಲ್ಲ. ಅಣಬೆಗೆ ಶೇ. 80ರಿಂದ 90ರಷ್ಟು ತೇವ ಬೇಕು. ದೊಡ್ಡ ಹುಳಕ್ಕೆ 70ರ ಸುಮಾರು. ಹುಳಕ್ಕೆ ಬರುವ ಸುಣ್ಣಕಟ್ಟು ರೋಗ ತಾನೇ ಒಂದು ಶಿಲೀಂಧ್ರ, ತೇವ ಹೆಚ್ಚಾದ ಮನೆ ಅದಕ್ಕೆ ಹಬ್ಬ. ಹುಲ್ಲಿನ ಚೀಲಗಳ ಮೇಲೆ ಬೆಳೆಯುವ ಹಸಿರು, ಕಪ್ಪು ಬೂಸ್ಟುಗಳ ಬೀಜಕಣ ಗೋಡೆ, ಸ್ಟ್ಯಾಂಡು, ಜಾಲರಿಗಳಲ್ಲಿ ಕುಳಿತಿರುತ್ತದೆ. ಇನ್ನೊಂದು ಕಡೆಯಿಂದ, ಹುಳದ ಮನೆಗೆ ನೀವು ಹೊಡೆಯುವ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಮನೆಯಲ್ಲಿ ಉಳಿದಿದ್ದರೆ ಅಣಬೆಗೆ ಆಗುವುದಿಲ್ಲ. ರೇಷ್ಮೆ ನಿಲ್ಲಿಸುವುದಾದರೆ ಇಡೀ ಮನೆಯನ್ನು ಅಣಬೆಗೆ ಕೊಡಿ. ಇಲ್ಲವಾದರೆ ಹಿತ್ತಿಲಲ್ಲಿ ತೆಂಗಿನ ಗರಿಯ ಬೇರೆ ಗುಡಿಸಲು ಹಾಕಿ. ಹುಳ ಸಾಕಿದವರಿಗೆ ಮನೆಯ ತಾಪ, ತೇವ ನೋಡುವ ಕಣ್ಣು ಆಗಲೇ ಪಳಗಿರುತ್ತದೆ. ಅಣಬೆಗೆ ಬೇಕಾದದ್ದೂ ಅದೇ ಕಣ್ಣು. ಅಣಬೆಯ ಚೀಲಕ್ಕೆ ತುಂಬುವ ಭತ್ತದ ಹುಲ್ಲಿಗೂ ಮಂಡ್ಯ ಸೀಮೆಯಲ್ಲಿ ಬರವಿಲ್ಲ.

ಇಡೀ ಮನೆ ಅಣಬೆಗೆ ಎಂದಾದರೆ ಗಾಳಿಯ ಲೆಕ್ಕ ಹೀಗಿದೆ. ನಿಮ್ಮ ಮನೆಯ ಒಳಗಾತ್ರ ಸುಮಾರು 170 ಘನಮೀಟರ್. ಚಿಪ್ಪು ಅಣಬೆ ಹುಟ್ಟುವ ಸಮಯದಲ್ಲಿ ಗಂಟೆಗೆ ನಾಲ್ಕೈದು ಬಾರಿ ಒಳಗಿನ ಗಾಳಿ ಬದಲಾಗಬೇಕು. ಅಂದರೆ ಗಂಟೆಗೆ 700ರಿಂದ 850 ಘನಮೀಟರ್. 12 ಅಂಗುಲದ ಒಂದು ಎಗ್ಸಾಸ್ಟ್ ಫ್ಯಾನ್ ಇದನ್ನು ಮಾಡುತ್ತದೆ. ಫ್ಯಾನ್ ದೊಡ್ಡದಾದರೆ ಟೈಮರ್ ಹಾಕಿ, ಅರ್ಧ ಹೊತ್ತು ಓಡಿ ಅರ್ಧ ಹೊತ್ತು ನಿಲ್ಲಲಿ. ಊಜಿ ಜಾಲರಿಯನ್ನು ಬಿಚ್ಚಬೇಡಿ, ಅಣಬೆ ನೊಣಗಳು ಊಜಿಗಿಂತ ಬಹಳ ಸಣ್ಣವಾದ್ದರಿಂದ ಅದರ ಮೇಲೆ ಇನ್ನೂ ಸಣ್ಣ ಕಣ್ಣಿನ ಜಾಲರಿ ಹಾಕಿ. ಆದರೆ ಜಾಲರಿಯಲ್ಲಿ ಧೂಳು ತುಂಬಿದರೆ ಗಾಳಿ ಅರ್ಧಕ್ಕೆ ಇಳಿಯುತ್ತದೆ, ವಾರಕ್ಕೊಮ್ಮೆ ಬ್ರಷ್ ಹಾಕಿ ತೊಳೆಯಿರಿ. ಕೆಳಗಿನ ಕಿಂಡಿಗಳ ಹೊರಗೆ ಗೋಣಿಚೀಲ ಇಳಿಬಿಟ್ಟು ಒದ್ದೆಯಾಗಿಟ್ಟರೆ ಒಳಬರುವ ಗಾಳಿ ತಂಪೂ ಆಗುತ್ತದೆ, ತೇವವೂ ಆಗುತ್ತದೆ.

ಗಿಡಕ್ಕೂ ಅಣಬೆಗೂ ಇರುವ ವ್ಯತ್ಯಾಸ ಗಮನಿಸಿ. ಬೆಳಕಿನಲ್ಲಿ ಗಿಡ ಇಂಗಾಲದ ಡೈಆಕ್ಸೈಡ್ ತಿನ್ನುತ್ತದೆ. ಅಣಬೆ ನಮ್ಮ ಹಾಗೆ ಆಮ್ಲಜನಕ ತೆಗೆದುಕೊಂಡು ಅದನ್ನು ಹೊರಬಿಡುತ್ತದೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 420 ಭಾಗದಷ್ಟಿದೆ. ಮನೆಯೊಳಗೆ ಸಾವಿರ ದಾಟಿದರೆ ಚಿಪ್ಪು ಅಣಬೆಯ ರೂಪವೇ ಕೆಡುತ್ತದೆ. ಅಳೆಯುವ ಯಂತ್ರ ಇಲ್ಲದಿದ್ದರೂ ಅಣಬೆಯೇ ಹೇಳುತ್ತದೆ. ಕಾಲು ಉದ್ದವಾಗಿ ತಲೆ ಚಿಕ್ಕದಾಗಿದ್ದರೆ ಗಾಳಿ ಸಾಲದು. ತಲೆಯ ಅಂಚು ಒಣಗಿ ಸೀಳಿದ್ದರೆ ಗಾಳಿ ಹೆಚ್ಚಾಗಿದೆ ಅಥವಾ ತೇವ ಸಾಲದು. ದಿನಾ ಬೆಳಗ್ಗೆ ಈ ಎರಡನ್ನು ನೋಡಿ ಫ್ಯಾನಿನ ಹೊತ್ತನ್ನು ಹೆಚ್ಚು ಕಡಿಮೆ ಮಾಡಿ.

ಬೆಳಕಿನ ವಿಷಯ ಚಿಕ್ಕದು. ಬೀಜ ಹಾಕಿದ ಮೇಲೆ ಬಿಳಿ ಬಲೆ ಹಬ್ಬುವ ಮೊದಲ ಎರಡು ಮೂರು ವಾರ ಕತ್ತಲು ಇರಲಿ. ಆಮೇಲೆ ದಿನಕ್ಕೆ ಎಂಟು ಹತ್ತು ಗಂಟೆ, ಪತ್ರಿಕೆ ಓದಲು ಸಾಕಾಗುವಷ್ಟು ಬೆಳಕು. ಕಿಟಕಿಯ ಬೆಳಕೇ ಸಾಕು, ನೇರ ಬಿಸಿಲು ಬೀಳಬಾರದು. ಅಣಬೆಗೆಂದು ವಿಶೇಷ ದೀಪ ಮಾರಲು ಬಂದರೆ ವಾಪಸು ಕಳಿಸಿ.

ಮಾರ್ಚ್‌ನಿಂದ ಮೇ ತನಕ ನಿಮ್ಮ ಕಡೆ ಚಿಪ್ಪು ಅಣಬೆಯ ಜೊತೆ ಗುದ್ದಾಡುವ ಬದಲು ಹಾಲು ಅಣಬೆಗೆ ಹೋಗಿ. 30ರಿಂದ 35 ಡಿಗ್ರಿ ಅದಕ್ಕೆ ಒಗ್ಗುತ್ತದೆ. ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನು ಕೇಳಿ. ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ, ತರಬೇತಿಯ ಬಗ್ಗೆ ಅಲ್ಲಿ ವಿಚಾರಿಸಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬಲಿತ ಚಿಪ್ಪು ಅಣಬೆ ಬೆಳ್ಳಗೆ ಹೊಗೆಯಂತೆ ಬೀಜಕಣ ಉದುರಿಸುತ್ತದೆ. ದಿನವೂ ಅದನ್ನು ಉಸಿರಾಡಿದವರಿಗೆ ಜ್ವರ, ಕೆಮ್ಮು, ಉಬ್ಬಸ ಬಂದು ಶ್ವಾಸಕೋಶ ಕಾಯಿಲೆಗೆ ತಿರುಗುವುದುಂಟು. ತಲೆಯ ಅಂಚು ಮೇಲಕ್ಕೆ ಮಡಚಿಕೊಳ್ಳುವ ಮೊದಲೇ ಕೊಯ್ಯಿರಿ. ಕೊಯ್ಲಿಗೆ ಹೋಗುವ ಮುಂಚೆ ಕಾಲು ಗಂಟೆ ಫ್ಯಾನ್ ಓಡಿಸಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಕೊಯ್ಲಿಗೆ ಬರುವ ಹೆಣ್ಣುಮಕ್ಕಳಿಗೂ ಮಾಸ್ಕ್ ಕೊಡಿ.

ಪ್ರಶ್ನೆ: ಗಿಡಕ್ಕೆ ಕೆಂಪು ನೀಲಿ ಸೇರಿದ ನೇರಳೆ ದೀಪವೇ ಬೇಕೇ?
– ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ಗಿಡಗಳು 400ರಿಂದ 700 ನ್ಯಾನೊಮೀಟರ್ ನಡುವಿನ ಎಲ್ಲ ಬೆಳಕನ್ನೂ ಬಳಸಿಕೊಳ್ಳುತ್ತವೆ, ಹಸಿರನ್ನೂ ಸೇರಿಸಿ. ಮೇಲಿನ ಎಲೆಗಳನ್ನು ದಾಟಿ ಕೆಳಗಿನ ಎಲೆಗೆ ಇಳಿಯುವುದರಲ್ಲಿ ಹಸಿರು ಬೆಳಕೇ ಮುಂದು. ಒಳ್ಳೆಯ ಬಿಳಿ ಎಲ್‌ಇಡಿ ಸಾಕು. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾಗಿದೆಯೋ, ಹೇನು ಹತ್ತಿದೆಯೋ ಕಣ್ಣಿಗೆ ತಿಳಿಯುವುದೇ ಇಲ್ಲ. ಬೆಳೆಯುವವರಿಗೆ ಗಿಡ ಕಾಣದಿದ್ದರೆ ಅದಕ್ಕಿಂತ ದೊಡ್ಡ ನಷ್ಟ ಯಾವುದು?

ಪ್ರಶ್ನೆ: ವಿದೇಶದಲ್ಲಿ ಕಪ್ಪು ಬಟ್ಟೆಯ ಡೇರೆ, ದೊಡ್ಡ ದೀಪ, ಇದ್ದಿಲಿನ ಫಿಲ್ಟರ್ ಇಟ್ಟುಕೊಂಡು ಮನೆಯೊಳಗೆ ಗಾಂಜಾ ಬೆಳೆಯುವ ವಿಡಿಯೊಗಳನ್ನು ನೋಡಿದೆ. ಅದೇ ಸಾಮಾನು ತರಿಸಿ ಸೊಪ್ಪು ಬೆಳೆಯಬಹುದೇ? ಒಂದೆರಡು ಗಾಂಜಾ ಗಿಡ ಬೆಳೆದರೂ ತಪ್ಪೇನು ಎಂದು ಗೆಳೆಯರು ಕೇಳುತ್ತಾರೆ.
– ಕಾಲೇಜು ವಿದ್ಯಾರ್ಥಿ, ಮಂಡ್ಯ

ಉತ್ತರ: ತಮ್ಮಾ, ಗೆಳೆಯರ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಕೆನಡಾದಲ್ಲಿ 2018ರಿಂದ ಕಾನೂನು ಬೇರೆ. ಅಲ್ಲಿನ ಹೆಚ್ಚಿನ ಪ್ರಾಂತ್ಯಗಳಲ್ಲಿ ವಯಸ್ಕರು ಮನೆಗೆ ನಾಲ್ಕು ಗಿಡ ಬೆಳೆಯಬಹುದು. ನಮ್ಮಲ್ಲಿ ಮಾದಕ ವಸ್ತು ತಡೆಗಟ್ಟುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಅದರ 20ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಹಿತ್ತಿಲಲ್ಲಿ ಬೆಳೆದರೂ ಅಷ್ಟೇ, ಡೇರೆಯೊಳಗೆ ಬೆಳೆದರೂ ಅಷ್ಟೇ. ಉತ್ತರಾಖಂಡದಲ್ಲಿ ನಾರಿಗಾಗಿ ಪರವಾನಗಿ ಪಡೆದು ಬೆಳೆಯುವ ಸೆಣಬಿನ ಜಾತಿಯ ಸುದ್ದಿಯನ್ನು ಇದರ ಜೊತೆ ಬೆರೆಸಬೇಡಿ, ಅದು ಸರ್ಕಾರದ ಅನುಮತಿಯಲ್ಲಿ ನಡೆಯುವ ಬೇರೆ ವ್ಯವಸ್ಥೆ. ನಿಮ್ಮ ವಯಸ್ಸಿಗೆ ಒಂದು ಕೇಸು ಬಿದ್ದರೆ ಪಾಸ್‌ಪೋರ್ಟ್, ಸರ್ಕಾರಿ ಕೆಲಸ ಎಲ್ಲ ಕಡೆಯೂ ಅದು ಹಿಂದೆಯೇ ಬರುತ್ತದೆ. ಆ ಬೆಳೆಯ ಬಗ್ಗೆ ನಾನು ಒಂದು ಸಾಲಿನ ಸಲಹೆಯನ್ನೂ ಕೊಡುವುದಿಲ್ಲ.

ಸೊಪ್ಪಿಗೆ ಆ ಸಾಮಾನು ಬೇಕೇ ಎಂಬುದು ಒಳ್ಳೆಯ ಪ್ರಶ್ನೆ. ಬೇಕಿಲ್ಲ. ಆ ದೀಪಗಳು ಉರಿಬಿಸಿಲು ಬಯಸುವ, ಎತ್ತರಕ್ಕೆ ಹೋಗಿ ಹೂ ಬಿಡುವ ಬೆಳೆಗೆಂದು ಮಾಡಿದವು. ಲೆಟ್ಯೂಸ್, ಪಾಲಕ್, ಕೊತ್ತಂಬರಿಯನ್ನು ಅದರ ಕೆಳಗಿಟ್ಟರೆ ಕೊಟ್ಟ ದುಡ್ಡಿನಲ್ಲಿ ಹೆಚ್ಚಿನ ಪಾಲು ಶಾಖವಾಗಿ ಹೋಗುತ್ತದೆ. ಇದ್ದಿಲಿನ ಫಿಲ್ಟರ್ ವಾಸನೆ ತಡೆಯಲು. ಕೊತ್ತಂಬರಿ ಘಮ ಬೀದಿಗೆ ಹೋದರೆ ಯಾರಿಗೂ ತೊಂದರೆಯಿಲ್ಲ, ಫಿಲ್ಟರ್ ಇಟ್ಟರೆ ಫ್ಯಾನಿನ ಗಾಳಿ ಮಾತ್ರ ಕಡಿಮೆಯಾಗುತ್ತದೆ. ಡೇರೆ ಶಾಖವನ್ನೂ ಒಳಗೇ ಹಿಡಿದಿಡುತ್ತದೆ, ಚಳಿದೇಶದಲ್ಲಿ ಅದು ಅನುಕೂಲ. ಮಂಡ್ಯದಲ್ಲಿ ನೀವು ಶಾಖವನ್ನು ಹೊರಗೆ ಅಟ್ಟಬೇಕು. ಗೋಡೆಗೆ ಬಿಳಿ ಬಣ್ಣ, ಕಬ್ಬಿಣದ ಸ್ಟ್ಯಾಂಡ್, ಬಿಳಿ ಟ್ಯೂಬು, ಎರಡು ಫ್ಯಾನು. ಇಷ್ಟೇ ಸಾಕು.

ಪ್ರಶ್ನೆ: ಮನೆಯ ಕೋಣೆಯಲ್ಲಿ ಕೇಸರಿ ಬೆಳೆದು ಲಕ್ಷಗಟ್ಟಲೆ ಗಳಿಸಬಹುದು ಎಂದು ತರಬೇತಿ ಕೊಡುತ್ತಿದ್ದಾರೆ. ನನಗೆ ಒಂದು ಕೋಣೆ ಇದೆ, ಎಸಿ ಇದೆ. ಸೇರಲೇ?
– ಸಾಫ್ಟ್‌ವೇರ್ ಉದ್ಯೋಗಿ, ಹೂಟಗಳ್ಳಿ, ಮೈಸೂರು

ಉತ್ತರ: ದುಡ್ಡು ಕಟ್ಟುವ ಮುನ್ನ ಈ ಲೆಕ್ಕ ಹಾಕಿ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂ ಬೇಕು. ಸಾವಿರ ಒಳ್ಳೆಯ ಗೆಡ್ಡೆಗಳು ಒಂದೊಂದೂ ಎರಡು ಹೂ ಬಿಟ್ಟರೆ 13 ಗ್ರಾಂ ಬರುತ್ತದೆ. ಗೆಡ್ಡೆಯ ಬೆಲೆ, ವಿದ್ಯುತ್ ಖರ್ಚು, ಕೇಸರಿಗೆ ನಿಮಗೆ ನಿಜವಾಗಿ ಸಿಗುವ ದರ ಮೂರನ್ನೂ ಕಾಗದದ ಮೇಲೆ ಬರೆದು ನೋಡಿ.

ಕೋಣೆಯಲ್ಲಿ ಹೂ ಬಿಡಿಸುವುದು ಅಸಾಧ್ಯವಲ್ಲ. ಗೆಡ್ಡೆಯೊಳಗೆ ಹೂವಿನ ಮೊಗ್ಗು ಮೂಡಲು 23ರಿಂದ 27 ಡಿಗ್ರಿ ಬೇಕು, ಅದು ಮೈಸೂರಿನಲ್ಲಿ ಸುಲಭ. ಆ ಮೊಗ್ಗು ಹೊರಬರಲು 17 ಡಿಗ್ರಿಯ ಆಸುಪಾಸಿಗೆ ಇಳಿಸಿ, ಶೇ. 80ರಷ್ಟು ತೇವ ಹಿಡಿದಿಟ್ಟು ವಾರಗಟ್ಟಲೆ ಕಾಯಬೇಕು. ಕಾಶ್ಮೀರದ ಕೇಸರಿ ಸೀಮೆ ಪಾಂಪೋರಿನಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಇದನ್ನು ಹವಾಮಾನವೇ ಮಾಡುತ್ತದೆ. ನಿಮ್ಮ ಕೋಣೆಯಲ್ಲಿ ಎಸಿ ಮಾಡಬೇಕು. ಮನೆಯ ಎಸಿ ತನ್ನ ಕೊನೆಯ ಮಿತಿಯಲ್ಲಿ ಹಗಲು ರಾತ್ರಿ ಓಡುತ್ತದೆ. ಜೊತೆಗೆ ಎಸಿ ಗಾಳಿಯನ್ನು ಒಣಗಿಸುತ್ತದೆ, ತೇವ ತುಂಬಲು ಇನ್ನೊಂದು ಯಂತ್ರ ಬೇಕು. ಒಂದೂವರೆ ಕಿಲೋವ್ಯಾಟಿನ ಎಸಿಯ ಕಂಪ್ರೆಸರ್ ದಿನಕ್ಕೆ ಹನ್ನೆರಡು ಗಂಟೆ ಓಡಿದರೂ 18 ಯೂನಿಟ್, ಎರಡು ತಿಂಗಳಿಗೆ ಸಾವಿರ ಯೂನಿಟ್ ದಾಟುತ್ತದೆ. ಇಲ್ಲಿ ಮಾತ್ರ ನನ್ನ ಸಲಹೆ ಉಳಿದವರಿಗೆ ಹೇಳಿದ್ದಕ್ಕೆ ತದ್ವಿರುದ್ಧ. ಫ್ಯಾನ್ ಬೇಡ, ಬಿರುಕುಗಳನ್ನೆಲ್ಲ ಮುಚ್ಚಿ ಗೋಡೆ ಸೂರಿಗೆ ಥರ್ಮೋಕೋಲ್ ಅಥವಾ ಶಾಖ ತಡೆಯುವ ಪಫ್ ಹಲಗೆ ಹೊದಿಸದಿದ್ದರೆ ತಂಪು ನಿಲ್ಲುವುದಿಲ್ಲ.

ತರಬೇತಿಯಲ್ಲಿ ಕೇಳಲೇಬೇಕಾದದ್ದು ಹೂ ಕಿತ್ತ ನಂತರದ ಕಥೆ. ಹೂ ಬಿಡಲು ಗೆಡ್ಡೆಗೆ ಬೆಳಕೂ ಬೇಡ, ಮಣ್ಣೂ ಬೇಡ, ತನ್ನೊಳಗಿನ ದಾಸ್ತಾನಿನಿಂದಲೇ ಬಿಡುತ್ತದೆ. ಮುಂದಿನ ವರ್ಷದ ಮರಿಗೆಡ್ಡೆ ಕಟ್ಟಲು ಮಾತ್ರ ಮಣ್ಣು, ಒಳ್ಳೆಯ ಬೆಳಕು, ತಂಪು ಮೂರೂ ಹಲವು ತಿಂಗಳು ಬೇಕು. ದೀಪದ ನಿಜವಾದ ಖರ್ಚು ಇಲ್ಲಿದೆ. ಇದನ್ನು ಮಾಡದಿದ್ದರೆ ಗೆಡ್ಡೆ ಸಣ್ಣದಾಗುತ್ತದೆ, ಸಣ್ಣ ಗೆಡ್ಡೆ ಹೂ ಬಿಡುವುದಿಲ್ಲ, ಪ್ರತಿ ವರ್ಷ ಹೊಸದನ್ನು ಕೊಳ್ಳಬೇಕಾಗುತ್ತದೆ. ಎರಡು, ಮೂರನೇ ವರ್ಷವೂ ಅದೇ ಗೆಡ್ಡೆಯ ಮರಿಗಳಿಂದ ಹೂ ತೆಗೆದ ಕೋಣೆಯನ್ನು ಕಣ್ಣಾರೆ ತೋರಿಸಿದರೆ ಸೇರಿ. ತೋರಿಸದಿದ್ದರೆ ಆ ಹಣವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ಗೃಹಜ್ಯೋತಿ ಇರುವ ಮನೆಯಲ್ಲಿ ಗಿಡದ ದೀಪ ಹಚ್ಚಿದರೆ ಬಿಲ್ ಬರುತ್ತದೆಯೇ? ವೈರಿಂಗ್ ಹೇಗಿರಬೇಕು?
– ನಿವೃತ್ತ ಶಿಕ್ಷಕರು, ನಂಜನಗೂಡು ರಸ್ತೆ, ಮೈಸೂರು

ಉತ್ತರ: ಬರುವ ಸಂಭವವೇ ಹೆಚ್ಚು, ಮೇಷ್ಟ್ರೇ. ಗೃಹಜ್ಯೋತಿಯಲ್ಲಿ ನಿಮಗೆ ಉಚಿತವಿರುವುದು 2022–23ರ ನಿಮ್ಮ ಮಾಸಿಕ ಸರಾಸರಿ ಮತ್ತು ಅದರ ಮೇಲೆ ಶೇ. 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ 2024ರಿಂದ ಶೇ. 10ರ ಬದಲು 10 ಯೂನಿಟ್). ಅದನ್ನು ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಮೇಲೆ ಹೇಳಿದ 400 ವ್ಯಾಟಿನ ದೀಪ 14 ಗಂಟೆ ಉರಿದರೆ ತಿಂಗಳಿಗೆ ಸುಮಾರು 168 ಯೂನಿಟ್. ನಾಲ್ಕು ಟ್ಯೂಬಿನ ಒಂದು ಅಂತಸ್ತಾದರೆ 34 ಯೂನಿಟ್‌ನಲ್ಲಿ ಮುಗಿಯುತ್ತದೆ. ಮಾರಾಟಕ್ಕೆ ಬೆಳೆಯುವುದಾದರೆ ಸಂಪರ್ಕ ಯಾವ ದರದ್ದಿರಬೇಕೆಂದು ವಿದ್ಯುತ್ ಕಂಪನಿ ಸೆಸ್ಕ್‌ನ ಉಪವಿಭಾಗ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ವೈರಿಂಗ್ ವಿಷಯದಲ್ಲಿ ಕೈ ಬಿಗಿ ಮಾಡಬೇಡಿ. ನೀರು, ತೇವ, ವಿದ್ಯುತ್ ಮೂರೂ ಒಂದೇ ಕೋಣೆಯಲ್ಲಿರುತ್ತವೆ. ಆ ಕೋಣೆಗೆ ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇರಲೇಬೇಕು. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಬೇಡಿ. ಬೋರ್ಡುಗಳು ನೀರಿನ ತೊಟ್ಟಿಗಿಂತ ಎತ್ತರದಲ್ಲಿ, ಗೋಡೆಗೆ ಕೂತಿರಲಿ. ದೀಪದಿಂದ ಸಾಕೆಟ್‌ಗೆ ಬರುವ ವೈರು ಸಾಕೆಟ್‌ಗಿಂತ ಕೆಳಕ್ಕೆ ಒಂದು ಬಾಗು ಇಳಿದು ಆಮೇಲೆ ಮೇಲೇರಲಿ, ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದೊಡನೆ ಬೀಳದಿದ್ದರೆ ಅಂದೇ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿ.